ಕ್ರೋಶಾ ಹೆಣಿಗೆ ಎಲ್ಲಿ ಕೆಟ್ಟಿತು? ಬಿಚ್ಚುವ ಮುಂಚೆ ನೋಡಬೇಕಾದ್ದು

ಹೆಣಿಗೆ ಸೊಟ್ಟಗಾಗಿದೆ ಎಂದು ಕಂಡ ಕೂಡಲೇ ಕಡ್ಡಿ ತೆಗೆದು ನೂಲನ್ನು ಸರ್ರನೆ ಎಳೆದುಬಿಡುವವರೇ ಹೆಚ್ಚು. ಹಾಗೆ ಎಳೆದಾಗ ತಪ್ಪು ಹೋಗುತ್ತದೆ, ಅದು ಯಾಕಾಯಿತು ಎಂದು ಹೇಳುವ ಗುರುತೂ ಅದರ ಜೊತೆಗೇ ಹೋಗುತ್ತದೆ. ಆಮೇಲೆ ಅದೇ ಕೈ, ಅದೇ ಕಡ್ಡಿ, ಅದೇ ಎಣಿಕೆ. ಹತ್ತು ಸಾಲು ಕಳೆಯುವಷ್ಟರಲ್ಲಿ ಅದೇ ಸೊಟ್ಟ ಮತ್ತೆ ಹಾಜರ್.

ಇದಕ್ಕೆ ವಿರುದ್ಧವಾದ ಇನ್ನೊಂದು ಚಾಳಿಯೂ ಇದೆ. "ಕೈಯಲ್ಲಿ ಮಾಡಿದ್ದಲ್ವಾ, ಹೀಗೇ ಇರಲಿ ಬಿಡಿ" ಎನ್ನುವುದು. ಕಾರಣ ಗೊತ್ತಿದ್ದು ಹೀಗೆ ಹೇಳಿದರೆ ಒಪ್ಪೋಣ. ಕಾರಣ ಹುಡುಕದೆ ಹೇಳಿದರೆ ಅದು ಬರೀ ಸೋಮಾರಿತನ. ಅಂಥ ತಪ್ಪು ಮುಂದಿನ ಹೆಣಿಗೆಯಲ್ಲೂ ನಿಮ್ಮ ಬೆನ್ನು ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಎಲ್ಲ ಕಡೆ ಅನುಸರಿಸಿರುವ ಕ್ರಮ ಒಂದೇ: ಮೊದಲು ಕಾರಣ, ಆಮೇಲೆ ತೀರ್ಮಾನ, ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಕ್ರೋಶಾದಲ್ಲಿ ಹೀಗೆ ನಿಧಾನಿಸುವುದಕ್ಕೆ ಅವಕಾಶವಿದೆ. ಎರಡು ಕಡ್ಡಿಯ ನಿಟ್ಟಿಂಗ್‌ನಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಒಟ್ಟಿಗೆ ಕಡ್ಡಿಯ ಮೇಲಿರುತ್ತವೆ. ಒಂದು ಜಾರಿದರೆ ಕೆಳಗಿನ ಸಾಲುಗಳವರೆಗೂ ಬಿಚ್ಚಿಕೊಂಡು ಇಳಿಯುತ್ತದೆ. ಸಾಮಾನ್ಯ ಕ್ರೋಶಾದಲ್ಲಿ ಒಂದೊಂದು ಸ್ಟಿಚ್ಚೂ ಅಲ್ಲಲ್ಲೇ ಮುಗಿದುಹೋಗುತ್ತದೆ, ಬಿಚ್ಚಿಕೊಳ್ಳುವಂಥದ್ದು ಕಡ್ಡಿಯ ಮೇಲಿರುವ ಆ ಒಂದು ಕುಣಿಕೆ ಮಾತ್ರ. ಆ ಕುಣಿಕೆಗೆ ಒಂದು ಸ್ಟಿಚ್ ಮಾರ್ಕರನ್ನೋ ಪಿನ್ನನ್ನೋ ಸಿಕ್ಕಿಸಿ ಕಡ್ಡಿ ಪಕ್ಕಕ್ಕಿಟ್ಟರೆ, ಒಂದು ವಾರ ಯೋಚಿಸಿದರೂ ಹೆಣಿಗೆಗೆ ಏನೂ ಆಗುವುದಿಲ್ಲ.

ಹೆಸರಿನ ಬಗ್ಗೆ ಒಂದು ಮಾತು. ಇಲ್ಲಿ ಬಳಸಿರುವುದು ಅಮೆರಿಕದ ಹೆಸರುಗಳು. ಸಿಂಗಲ್ ಎಂದರೆ ಗಿಡ್ಡ ಸ್ಟಿಚ್. ಡಬಲ್ ಎಂದರೆ ಕಡ್ಡಿಗೆ ಒಮ್ಮೆ ನೂಲು ಸುತ್ತಿಕೊಂಡು ಹಾಕುವ ಎತ್ತರದ ಸ್ಟಿಚ್. ಈ ಹೆಸರುಗಳಿಂದಲೇ ಆಗುವ ಒಂದು ದೊಡ್ಡ ದೋಷವಿದೆ, ಅದು ಮುಂದೆ ಬರುತ್ತದೆ.

ಮೊದಲು ಮಾಡಬೇಕಾದ್ದು

ಹೆಣಿಗೆಯನ್ನು ಮಡಿಲಿನಿಂದ ತೆಗೆದು ಸಮತಟ್ಟಾದ ಮೇಜಿನ ಮೇಲೆ ಹರಡಿ. ಎಳೆಯಬೇಡಿ, ಒತ್ತಬೇಡಿ. ತನ್ನಷ್ಟಕ್ಕೆ ಹೇಗೆ ಕೂರುತ್ತದೋ ನೋಡಿ. ಆಮೇಲೆ ತಳದ ಸಾಲಿನ ಸ್ಟಿಚ್ ಎಣಿಸಿ, ಮೇಲಿನ ಸಾಲಿನದನ್ನೂ ಎಣಿಸಿ, ಎರಡನ್ನೂ ಬರೆದುಕೊಳ್ಳಿ. ಮುಂದಿನ ಅರ್ಧ ಉತ್ತರ ಈ ಎರಡು ಅಂಕಿಗಳಲ್ಲೇ ಇರುತ್ತದೆ. ಎಣಿಕೆ ಬೇರೆ ಬೇರೆಯಾದರೆ ತಪ್ಪು ಲೆಕ್ಕದ್ದು. ಎಣಿಕೆ ಒಂದೇ ಇದ್ದು ಆಕಾರ ಕೆಟ್ಟಿದ್ದರೆ ತಪ್ಪು ಬಹುಪಾಲು ಬಿಗಿಯದ್ದು, ಅಂದರೆ ಕೈಯ ಹಿಡಿತ, ಕಡ್ಡಿ, ಇಲ್ಲವೇ ನೂಲಿನದ್ದು. ಇವೆರಡರ ಚಿಕಿತ್ಸೆ ಬೇರೆ ಬೇರೆ. ಲೆಕ್ಕದ ತಪ್ಪಿಗೆ ಕಡ್ಡಿ ಬದಲಿಸುತ್ತಾ ಕೂತರೆ ಅದು ಎಂದಿಗೂ ಸರಿಹೋಗುವುದಿಲ್ಲ.

ನಂತರ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಇಳಿಯುತ್ತಾ ಎಲ್ಲಿಯವರೆಗೆ ಸರಿ ಇತ್ತು ಎಂದು ಹುಡುಕಿ. ಕೊನೆಯ ಸರಿಯಾದ ಸಾಲಿನ ಅಂಚಿಗೆ ಬೇರೆ ಬಣ್ಣದ ದಾರ ಕಟ್ಟಿ. ಮೊದಲು ಕೆಟ್ಟದ್ದು ಅದರ ಮೇಲಿನ ಸಾಲು, ನೋಡಬೇಕಾದ್ದು ಅದನ್ನೇ. ಅದರ ಮೇಲಿನವು ಎಷ್ಟೋ ಸಲ ನಿರಪರಾಧಿಗಳು.

ಅಂಚು ಒಳಕ್ಕೆ ಬರುತ್ತಿದೆ, ಇಲ್ಲವೇ ಹೊರಕ್ಕೆ ಹೋಗುತ್ತಿದೆ

ಮಫ್ಲರ್ ಹೆಣೆಯಲು ಕೂತವರ ಕೈಯಲ್ಲಿ ತ್ರಿಕೋನ ಹುಟ್ಟುವುದು ಇಲ್ಲೇ. ಹೊಸಬರ ದೂರುಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಕಾರಣ ಬಹುಪಾಲು ತಿರುವಿನ ಚೈನ್, ಅಂದರೆ ಹೆಣಿಗೆ ತಿರುಗಿಸಿ ಹೊಸ ಸಾಲಿನ ಎತ್ತರಕ್ಕೇರಲು ಹಾಕುವ ಕುಣಿಕೆಗಳ ಸರ. ಡಬಲ್ ಸಾಲಿನ ಆರಂಭದಲ್ಲಿ ಹಾಕುವ 3 ಚೈನನ್ನು ಸಾಮಾನ್ಯವಾಗಿ ಒಂದು ಸ್ಟಿಚ್ ಎಂದೇ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಕೆಳಗಿನ ಸಾಲಿನ ಮೊದಲ ಸ್ಟಿಚ್ ಬಿಟ್ಟು ಎರಡನೆಯದಕ್ಕೆ ಹೋಗಬೇಕು. ಸಾಲಿನ ಕೊನೆಯಲ್ಲಿ ಹಿಂದಿನ ಸಾಲಿನ ಆ 3 ಚೈನ್‌ನ ತಲೆಗೂ ಒಂದು ಡಬಲ್ ಹಾಕಬೇಕು. ಈ ಕೊನೆಯದನ್ನು ಮರೆತರೆ ಸಾಲಿಗೊಂದು ಸ್ಟಿಚ್ ಕಳೆಯುತ್ತದೆ. ಮೊದಲನೆಯದನ್ನು ಬಿಡದೆ ಅದಕ್ಕೂ ಹಾಕಿದರೆ ಸಾಲಿಗೊಂದು ಹೆಚ್ಚುತ್ತದೆ. ಸಿಂಗಲ್‌ನಲ್ಲಿ ತಿರುವಿಗೆ ಹಾಕುವ 1 ಚೈನನ್ನು ಸಾಮಾನ್ಯವಾಗಿ ಸ್ಟಿಚ್ ಎಂದು ಎಣಿಸುವುದಿಲ್ಲ, ಮೊದಲ ಸ್ಟಿಚ್ಚಿಗೇ ಹಾಕಬೇಕು. ಸಿಂಗಲ್ ಅಭ್ಯಾಸವಾದವರು ಡಬಲ್‌ಗೆ ಬಂದಾಗ ಕೈ ಹಳೆಯ ದಾರಿಯನ್ನೇ ಹಿಡಿಯುವುದು ಇದರಿಂದಲೇ.

ಅಂಚನ್ನು ಹತ್ತಿರದಿಂದ ನೋಡಿದರೆ ತಪ್ಪು ಯಾವುದೆಂದು ಅದೇ ಹೇಳುತ್ತದೆ. ಬಿಟ್ಟುಹೋದ 3 ಚೈನ್ ಅಂಚಿನಿಂದ ಪುಟ್ಟ ಮೆಟ್ಟಿಲಾಗಿ ಹೊರಗೆ ನಿಂತಿರುತ್ತದೆ. ಅದರ ತಲೆಯ ಮೇಲೆ ಯಾವ ಸ್ಟಿಚ್ಚೂ ಕೂತಿರುವುದಿಲ್ಲ. ಉಗುರಿನಿಂದ ಮೀಟಿದರೆ ಆಚೀಚೆ ಆಡುತ್ತದೆ. ಹೆಚ್ಚಾಗಿ ಹಾಕಿದ ಕಡೆ ತಿರುವಿನ ಚೈನೂ ಒಂದು ಡಬಲ್ಲೂ ಒಂದೇ ಕಾಲಿನಿಂದ ಎದ್ದು ಅಲ್ಲಿ ಗುಂಪಾಗಿರುತ್ತವೆ.

ಸೊಟ್ಟ ಯಾವ ಕಡೆ ಎಂಬುದೂ ಮುಖ್ಯ. ಪ್ರತಿ ಸಾಲಿಗೂ ಹೆಣಿಗೆ ತಿರುಗಿಸುತ್ತೀರಿ. ಹಾಗಾಗಿ ಪ್ರತಿ ಸಾಲಿನ ಕೊನೆಯಲ್ಲೂ ತಪ್ಪುತ್ತಿದ್ದರೆ ಎರಡು ಅಂಚೂ ಸಮನಾಗಿ ಒಳಬರುತ್ತವೆ. ಒಂದು ಅಂಚು ನೆಟ್ಟಗಿದ್ದು ಇನ್ನೊಂದು ಮಾತ್ರ ಓರೆಯಾಗಿದ್ದರೆ ನೀವು ತಪ್ಪುತ್ತಿರುವುದು ಸಾಲು ಬಿಟ್ಟು ಸಾಲು, ಅಂದರೆ ಹೆಣಿಗೆಯ ಒಂದೇ ಮಗ್ಗುಲು ನಿಮ್ಮ ಕಡೆ ಇರುವಾಗ. ಹಿಂಬದಿಯಿಂದ ನೋಡುವಾಗ ತಿರುವಿನ ಚೈನ್‌ನ ತಲೆ ತಿರುಚಿಕೊಂಡು ಕಣ್ಣಿಗೆ ಬೀಳದಿರುವುದು ಸಾಮಾನ್ಯ. ಇನ್ನು ಎಣಿಕೆ ಸರಿಯಾಗಿದ್ದೂ ಅಂಚು ಹಲ್ಲು ಹಲ್ಲಾಗಿದ್ದರೆ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿವೆ: ಆರಂಭದಲ್ಲಿ ಒಂದು ಹೆಚ್ಚು, ಕೊನೆಯಲ್ಲಿ ಒಂದು ಕಡಿಮೆ. ಬರೀ ಎಣಿಕೆಯನ್ನು ನಂಬಿದವರಿಗೆ ಇದು ಸಿಕ್ಕುವುದೇ ಇಲ್ಲ.

ಇನ್ನು ಮುಂದೆ ಹೀಗಾಗದಿರಲು, 3 ಚೈನ್ ಹಾಕಿದ ಕೂಡಲೇ ಮೂರನೆಯ ಚೈನ್‌ಗೆ ಮಾರ್ಕರ್ ಸಿಕ್ಕಿಸಿ. ಮರಳಿ ಬಂದಾಗ ಮಾರ್ಕರ್ ಇರುವ ಜಾಗಕ್ಕೆ ಕೊನೆಯ ಡಬಲ್. ಪ್ರತಿ ಸಾಲನ್ನೂ ಎಣಿಸಿ ಎಂದು ಉಪದೇಶ ಮಾಡುವುದು ಸುಲಭ, ಪಾಲಿಸುವವರು ಕಡಿಮೆ. ಎರಡು ಮಾರ್ಕರ್ ಇದ್ದರೆ ಎಣಿಸುವ ಪ್ರಮೇಯವೇ ಬರುವುದಿಲ್ಲ.

ತಳ ಮಾತ್ರ ಬಿಗಿ

ಎಣಿಕೆ ಸರಿ, ಮೇಲಿನ ಸಾಲುಗಳು ಒಂದೇ ಅಗಲ, ಆದರೆ ತಳ ಸೆಳೆದುಕೊಂಡು ಬಾಗಿದೆ. ಮೊದಲ ಚೈನ್ ಬಿಗಿಯಾಗಿದೆ, ಅಷ್ಟೆ. ಮುಂದಿನ ಸಲ ಆ ಚೈನಿಗೆ ಮಾತ್ರ ಅರ್ಧ ಅಥವಾ ಒಂದು ಮಿಲಿಮೀಟರ್ ಹೆಚ್ಚು ದಪ್ಪದ ಕಡ್ಡಿ ಹಿಡಿಯಿರಿ. ಆಗಿರುವ ಹೆಣಿಗೆಯಲ್ಲಿ ಚೈನನ್ನು ಸಡಿಲಿಸುವ ಉಪಾಯವಿಲ್ಲ. ನೆನೆಸಿ ಪಿನ್ ಹೊಡೆದು ಒಣಗಿಸಿದರೆ ಸ್ವಲ್ಪ ಹಿಗ್ಗಬಹುದು.

ವೃತ್ತ ಬಟ್ಟಲಾಗುತ್ತಿದೆ, ಅಥವಾ ಅಂಚು ಅಲೆಯಾಗುತ್ತಿದೆ

ಇದರ ಹಿಂದೆ ಶಾಲೆಯಲ್ಲಿ ಕಲಿತ ಲೆಕ್ಕವೇ ಇದೆ, ಹಾಗಾಗಿ ಸ್ವಲ್ಪ ಬಿಡಿಸಿ ನೋಡೋಣ. ಒಂದೊಂದು ಸುತ್ತು ಹಾಕಿದಾಗಲೂ ತ್ರಿಜ್ಯ ಒಂದು ಸ್ಟಿಚ್ಚಿನ ಎತ್ತರದಷ್ಟು ಬೆಳೆಯುತ್ತದೆ. ಆಗ ಸುತ್ತಳತೆ ಆ ಎತ್ತರದ 6.28ರಷ್ಟು ಬೆಳೆಯಬೇಕು. ಸಿಂಗಲ್ ಸ್ಟಿಚ್ಚಿನ ಅಗಲವೂ ಎತ್ತರವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಸುತ್ತಿಗೆ 6 ಸ್ಟಿಚ್ ಹೆಚ್ಚಿಸಿದರೆ ವೃತ್ತ ಸಮತಟ್ಟಾಗಿ ಕೂರುತ್ತದೆ. 6, 12, 18, 24, 30. ಡಬಲ್ ಸುಮಾರು ಎರಡು ಪಟ್ಟು ಎತ್ತರ, ಅದಕ್ಕೇ ಅದರಲ್ಲಿ ಸುತ್ತಿಗೆ 12.

ಹೆಚ್ಚಿಸಿದ್ದು ಕಡಿಮೆಯಾದರೆ ಸುತ್ತಳತೆ ಸಾಲದೆ ಅಂಚು ಮೇಲಕ್ಕೇಳುತ್ತದೆ, ಬಟ್ಟಲಾಗುತ್ತದೆ. ಹೆಚ್ಚಾದರೆ ಜಾಗ ಸಾಲದೆ ಅಲೆಯಾಗುತ್ತದೆ. ಹಾಗಾಗಿ ಮೊದಲ ಪರೀಕ್ಷೆ ಎಣಿಕೆಯದ್ದೇ: ಸಿಂಗಲ್‌ನ ಐದನೇ ಸುತ್ತಿನಲ್ಲಿ 30 ಇರಬೇಕು. 27 ಇದ್ದರೆ ಮೂರು ಕಡೆ ಹೆಚ್ಚಿಸುವುದು ಬಿಟ್ಟುಹೋಗಿದೆ. 31 ಅಥವಾ 32 ಇದ್ದರೆ, ಸುತ್ತನ್ನು ಕೂಡಿಸಲು ಹಾಕಿದ ಸ್ಲಿಪ್ ಸ್ಟಿಚ್ಚನ್ನೇ ಒಂದು ಸ್ಟಿಚ್ ಎಂದು ತಿಳಿದು ಅದರೊಳಗೂ ಹೆಣೆದಿದ್ದೀರಾ ನೋಡಿ. ಮೊದಲ ಸಂಶಯ ಅದರ ಮೇಲೆಯೇ ಇರಲಿ.

ಎಣಿಕೆ ಸರಿಯಿದ್ದೂ ಬಟ್ಟಲಾದರೆ ಕೈಯನ್ನು ಗಮನಿಸಿ. ಕೆಳಗಿನ ಸ್ಟಿಚ್ಚಿನೊಳಗಿಂದ ಕುಣಿಕೆ ಎಳೆದಾಗ ಕೆಲವರು ಅದನ್ನು ಎತ್ತರಕ್ಕೆ ಎತ್ತುತ್ತಾರೆ, ಕೆಲವರು ಅಲ್ಲೇ ತಗ್ಗಿಸಿ ಹಿಡಿಯುತ್ತಾರೆ. ಎತ್ತಿದವರ ಸ್ಟಿಚ್ ನೀಳವಾಗಿ ತ್ರಿಜ್ಯ ಬೇಗ ಬೆಳೆಯುತ್ತದೆ, ಬಟ್ಟಲಾಗುತ್ತದೆ. ತಗ್ಗಿಸಿದವರದ್ದು ಕುಳ್ಳಗಾಗಿ ಅಲೆಯ ಕಡೆ ವಾಲುತ್ತದೆ. ಬಟ್ಟಲಾದರೆ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಕಡ್ಡಿ, ಅಲೆಯಾದರೆ ಅಷ್ಟೇ ಸಣ್ಣದು ಹಿಡಿದು ನೋಡಿ. ಮೊದಲ ಎರಡು ಮೂರು ಸುತ್ತಿನ ಚಿಕ್ಕ ಏರುಪೇರನ್ನು ಲೆಕ್ಕಕ್ಕಿಡಬೇಡಿ. ಒದ್ದೆ ಮಾಡಿ ಒಣಗಿಸಿದಾಗ ಅದು ಇಳಿಯುತ್ತದೆ.

ವೃತ್ತ ಸಮತಟ್ಟಾಗಿದೆ, ಆದರೆ ಆರು ಮೂಲೆ ಬಂದಿವೆ ಎನ್ನುತ್ತೀರಾ? ಅದು ಲೆಕ್ಕದ ತಪ್ಪಲ್ಲ. ಪ್ರತಿ ಸುತ್ತಿನಲ್ಲೂ ಹೆಚ್ಚಿಸಿದ ಸ್ಟಿಚ್ ಒಂದರ ಮೇಲೊಂದು ಕೂತಿದೆ. ಸುತ್ತು ಬಿಟ್ಟು ಸುತ್ತು ಹೆಚ್ಚಿಸುವ ಜಾಗವನ್ನು ಸರಿಸಿದರೆ ಮೂಲೆ ಕರಗುತ್ತದೆ. ನನ್ನ ಕಣ್ಣಿಗೆ ಆರು ಮೂಲೆಯೂ ಚೆಂದವೇ. ತಟ್ಟೆ ಇಡುವ ಚಾಪೆಗೆ ಅದನ್ನು ತಿದ್ದಲು ಹೋಗುವುದು ವ್ಯರ್ಥ ಶ್ರಮ.

ಅಳತೆಗೆ ಕೂರಲಿಲ್ಲ

ಪ್ಯಾಟರ್ನಿನಲ್ಲಿ 10 ಸೆಂಟಿಮೀಟರಿಗೆ 16 ಸ್ಟಿಚ್ ಎಂದಿದೆ, ನಿಮ್ಮ ಕೈಯಲ್ಲಿ 18 ಬರುತ್ತಿದೆ ಎನ್ನಿ. ಎರಡೇ ಸ್ಟಿಚ್ ತಾನೇ ಎನಿಸುತ್ತದೆ. 80 ಸ್ಟಿಚ್ಚಿನ ಭಾಗ 50 ಸೆಂಟಿಮೀಟರ್ ಆಗಬೇಕಾದದ್ದು 44.4ಕ್ಕೇ ನಿಲ್ಲುತ್ತದೆ. ಮುಂದಿನ ಭಾಗ ಹಿಂದಿನ ಭಾಗ ಎರಡೂ ಸೇರಿ ಮೈಸುತ್ತಿನಲ್ಲಿ 11 ಸೆಂಟಿಮೀಟರ್ ಕೊರತೆ. ಸ್ವೆಟರ್ ಮೈಗೆ ಬಿಗಿಯಾಗಿಬಿಡುತ್ತದೆ.

ಮಾದರಿ ತುಂಡು ಹೆಣೆದೆನಲ್ಲ, ಆದರೂ ಹೀಗಾಯಿತಲ್ಲ ಎನ್ನುವವರು ಎರಡು ವಿಷಯ ನೋಡಬೇಕು. ಮಾದರಿ ಕನಿಷ್ಠ 15 ಸೆಂಟಿಮೀಟರ್ ಚೌಕವಿದ್ದು ಅಳತೆಯನ್ನು ನಡುವಿನ 10ರಲ್ಲಿ ತೆಗೆದಿರಾ? ಅಂಚಿನ ಸ್ಟಿಚ್‌ಗಳು ನಂಬಿಕೆಗೆ ಅರ್ಹವಲ್ಲ. ಮತ್ತೆ, ತೊಳೆದು ಒಣಗಿಸಿದ ಮೇಲೆ ಅಳೆದಿರಾ? ಮಷಿನ್‌ನಲ್ಲಿ ತೊಳೆಯಬಹುದಾದಂತೆ ಸಂಸ್ಕರಿಸಿದ ಉಣ್ಣೆ ನೀರು ಬಿದ್ದ ಮೇಲೆ ಹಿಗ್ಗುವುದುಂಟು. ಹತ್ತಿ ನೂಲಿಗೆ ಉಣ್ಣೆಯಂತೆ ಮರಳಿ ಕುಗ್ಗುವ ಗುಣವಿಲ್ಲ. ತನ್ನ ಭಾರಕ್ಕೆ ತಾನೇ ಜೋತು ಉದ್ದವಾಗುತ್ತದೆ. ದೊಡ್ಡ ಹತ್ತಿ ಚೀಲದ ಹಿಡಿ ಮೊಣಕಾಲಿಗೆ ಬಂದರೆ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ.

ಎಣಿಕೆಯೂ ಸರಿ, ಬಿಗಿಯೂ ಸರಿ, ಆದರೂ ಹೆಣಿಗೆ ಪ್ಯಾಟರ್ನಿನ ಎರಡು ಪಟ್ಟು ಎತ್ತರ ಬಂದಿದೆ ಎಂದರೆ ಹೆಸರಿನ ಗೊಂದಲ. ಅಮೆರಿಕದ ಸಿಂಗಲ್ಲನ್ನು ಬ್ರಿಟಿಷರು ಡಬಲ್ ಎನ್ನುತ್ತಾರೆ, ಅಮೆರಿಕದ ಡಬಲ್ಲನ್ನು ಟ್ರೆಬಲ್ ಎನ್ನುತ್ತಾರೆ. ಬ್ರಿಟಿಷ್ ಪ್ಯಾಟರ್ನ್ ಹಿಡಿದು ಅಮೆರಿಕದ ಡಬಲ್ ಹೆಣೆದರೆ ಪ್ರತಿ ಸಾಲೂ ಎತ್ತರವಾಗುತ್ತದೆ. ವೃತ್ತದಲ್ಲಾದರೆ, ಸುತ್ತಿಗೆ 6 ಹೆಚ್ಚಿಸಿ ಎಂದಿರುವ ಕಡೆ 12 ಬೇಕಾದ ಸ್ಟಿಚ್ ಹಾಕಿದಂತಾಗಿ, ಹೆಣಿಗೆ ಟೋಪಿಯೇ ಆಗಿಬಿಡುತ್ತದೆ. ಪ್ಯಾಟರ್ನಿನಲ್ಲಿ ಎಲ್ಲಾದರೂ ಸಿಂಗಲ್ ಕ್ರೋಶಾ ಎಂದಿದೆಯೇ ಹುಡುಕಿ. ಇದ್ದರೆ ಅಮೆರಿಕದ್ದು, ಈಗಿನ ಬ್ರಿಟಿಷ್ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಕಡ್ಡಿಯ ನಂಬರಿನಲ್ಲೂ ಇಂಥದ್ದೇ ಬಲೆಯಿದೆ. ಲೇಸಿನ ಸಣ್ಣ ಸ್ಟೀಲ್ ಕಡ್ಡಿಗಳಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣದಾಗುತ್ತದೆ. ನಂಬರ್ ಬಿಟ್ಟು ಮಿಲಿಮೀಟರ್ ನೋಡಿ.

ಸ್ಟಿಚ್‌ಗಳು ಒಂದೊಂದು ಒಂದೊಂದು ಗಾತ್ರ

ಕಡ್ಡಿಯ ಕೊಕ್ಕೆಯ ಕೆಳಗೆ ಕತ್ತು ಸಣ್ಣದಾಗಿ, ಆಮೇಲೆ ದಪ್ಪನೆಯ ಕಾಂಡ ಬರುತ್ತದೆ. ಕಡ್ಡಿಯ ಅಳತೆ ಎಂದರೆ ಆ ಕಾಂಡದ ದಪ್ಪ. ಕುಣಿಕೆಯನ್ನು ಕತ್ತಿನಲ್ಲೇ ಬಿಗಿದು ಮುಗಿಸಿದರೆ ಸ್ಟಿಚ್ ಚಿಕ್ಕದಾಗುತ್ತದೆ. ಮುಂದಿನದ್ದು ಕಾಂಡದವರೆಗೆ ಹೋದರೆ ದೊಡ್ಡದಾಗುತ್ತದೆ. ಪ್ರತಿ ಕುಣಿಕೆಯೂ ಕಾಂಡದ ಮೇಲೆ ಕೂರಲಿ. ಇಷ್ಟು ಮಾಡಿಯೂ ಒಂದಿಡೀ ಸಾಲು ಬಿಗಿಯಾಗಿ ಕಂಡರೆ ಆ ಹೊತ್ತು ನೀವು ದಣಿದಿದ್ದಿರಿ, ಅವಸರದಲ್ಲಿದ್ದಿರಿ, ಅಥವಾ ಬೇರೊಂದು ಕುರ್ಚಿಯಲ್ಲಿ ಕೂತು ನೂಲನ್ನು ಬೇರೆ ಬೆರಳಿಗೆ ಸುತ್ತಿದ್ದಿರಿ. ಇಂಥ ಸಾಲನ್ನು ಬಿಡಿ. ತೊಳೆದು ಹರಡಿ ಒಣಗಿಸಿದಾಗ ನೂಲು ಅಕ್ಕಪಕ್ಕಕ್ಕೆ ಸರಿದು ಬಹಳಷ್ಟು ಸಮವಾಗುತ್ತದೆ. ಉಳಿದದ್ದು ಉಳಿಯಲಿ.

ಬಣ್ಣ ಬದಲಿಸಿದ ಕಡೆ ಹಳೆಯ ಬಣ್ಣದ ಚುಕ್ಕೆ ಇಣುಕುತ್ತಿದ್ದರೆ, ಹೊಸ ನೂಲನ್ನು ಒಂದು ಹೆಜ್ಜೆ ತಡವಾಗಿ ತಂದಿದ್ದೀರಿ. ಹಳೆಯ ಬಣ್ಣದ ಕೊನೆಯ ಸ್ಟಿಚ್ಚಿನ ಕೊನೆಯ ಎಳೆತಕ್ಕೇ ಹೊಸ ಬಣ್ಣ ಬರಬೇಕು. ಅಡ್ಡಗೆರೆಯಾಗಿ ಛಾಯೆ ಬದಲಾಗಿದ್ದರೆ ನೂಲುಂಡೆಗಳ ಡೈ ಲಾಟ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತು, ಬೇರೆ ಬೇರೆ. ಇದನ್ನು ಹೆಣಿಗೆಯಲ್ಲಿ ತಿದ್ದಲಾಗದು. ಗೊತ್ತಾದ ಮೇಲೆ ಎರಡೂ ಉಂಡೆಗಳಿಂದ ಎರಡೆರಡು ಸಾಲು ಬದಲಿಸುತ್ತಾ ಹೋದರೆ ಗೆರೆ ಮಸುಕಾಗುತ್ತದೆ.

ತಿದ್ದಬೇಕೋ, ಬಿಡಬೇಕೋ

ಕಾರಣ ಸಿಕ್ಕಿತು. ಈಗ ತೀರ್ಮಾನ.

ಬಿಚ್ಚಿಕೊಳ್ಳುವಂಥದ್ದನ್ನು ಯಾವತ್ತೂ ಬಿಡಬೇಡಿ. ಸಿಕ್ಕಿಸದೆ ಬಿಟ್ಟ ನೂಲಿನ ತುದಿ, ಕತ್ತರಿ ತಾಗಿ ಹರಿದ ಎಳೆ, ನಡುವೆ ಬಂದ ಸಡಿಲ ಗಂಟು, ಬಾಯಿ ತೆರೆದುಕೊಳ್ಳುತ್ತಿರುವ ಮ್ಯಾಜಿಕ್ ರಿಂಗ್ (ವೃತ್ತ ಶುರುಮಾಡುವ, ಎಳೆದು ಬಿಗಿಯುವ ನೂಲಿನ ಉಂಗುರ), ಇವನ್ನು ಕೈಗುರುತು ಎಂದು ಮುದ್ದು ಮಾಡುವುದರಲ್ಲಿ ಅರ್ಥವಿಲ್ಲ. ತುದಿಗೆ 15 ಸೆಂಟಿಮೀಟರಾದರೂ ನೂಲು ಬಿಟ್ಟು, ಸೂಜಿಯಿಂದ ಒಂದು ದಿಕ್ಕಿಗೆ, ಮತ್ತೆ ವಾಪಸ್ಸು, ಮತ್ತೆ ಮುಂದಕ್ಕೆ ಎಂದು ಮೂರು ಸಲ ಓಡಿಸಿ. ಮಗುವಿನ ಗೊಂಬೆಯಾದರೆ ಇನ್ನೂ ಕಟ್ಟುನಿಟ್ಟು: ಹತ್ತಿ ಇಣುಕುವ ರಂಧ್ರ, ಅಲುಗಾಡುವ ಕಣ್ಣು ಇವೆರಡೂ ಕೊಡುವ ಮುಂಚೆ ಸರಿಯಾಗಲೇಬೇಕು. ಅವು ಮಗುವಿನ ಬಾಯಿಗೆ ಹೋಗುವಂಥವು.

ಹರಡುವ ತಪ್ಪನ್ನೂ ಬಿಡುವಂತಿಲ್ಲ. ಚಿಪ್ಪಿನ ಡಿಸೈನಿಗೆ 6ರ ಗುಣಕ ಬೇಕಾದ ಕಡೆ ಒಂದು ಸ್ಟಿಚ್ ಕಳೆದರೆ ಅಲ್ಲಿಂದ ಮುಂದೆ ಪ್ರತಿ ಸಾಲೂ ಎಡವುತ್ತದೆ. ಅಲ್ಲಿಯವರೆಗೆ ಬಿಚ್ಚಿ. ಆದರೆ ಸಾದಾ ಸಿಂಗಲ್ ಹೆಣಿಗೆಯಲ್ಲಿ ಇಪ್ಪತ್ತು ಸಾಲಿನ ಕೆಳಗೆ ಒಂದೇ ಒಂದು ಸ್ಟಿಚ್ ಬಿಟ್ಟುಹೋಗಿದೆ ಎಂದು ಈಗ ಗೊತ್ತಾದರೆ, ಮುಂದಿನ ಸಾಲಿನ ನಡುವೆ ಎಲ್ಲಾದರೂ ಒಂದೇ ಜಾಗಕ್ಕೆ ಎರಡು ಹಾಕಿ ಎಣಿಕೆ ಸರಿದೂಗಿಸಿ. ಕಂಬಳಿ ಹೊದ್ದವರಿಗೆ ಅದು ತಿಳಿಯುವುದಿಲ್ಲ. ಬಿಟ್ಟ ಕಡೆ ರಂಧ್ರ ದೊಡ್ಡದಾಗಿ ಕಂಡರೆ ಹಿಂಬದಿಯಿಂದ ಅದೇ ಬಣ್ಣದ ನೂಲಿನಲ್ಲಿ ಎರಡು ಹೊಲಿಗೆ ಸಾಕು.

ಅಳತೆಯ ತಪ್ಪು ವಸ್ತುವನ್ನು ನೋಡಿಕೊಂಡು. ಮೈಗೆ ತೊಡುವುದಾದರೆ ಬಿಚ್ಚಿ. ಕಂಬಳಿ, ಶಾಲು, ಚೀಲ ಎರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಯಾರ ಗಂಟೂ ಹೋಗುವುದಿಲ್ಲ.

ಬರೀ ಕಣ್ಣಿಗೆ ಕಾಣುವ ದೋಷವೇ ಜನರನ್ನು ಹೆಚ್ಚು ಕಾಡುವುದು, ಬಿಡಬೇಕಾದದ್ದೂ ಅದನ್ನೇ. ಹೆಣೆಯುವಾಗ ನಿಮ್ಮ ಕಣ್ಣು ಹೆಣಿಗೆಗೆ ಒಂದು ಗೇಣು ದೂರದಲ್ಲಿರುತ್ತದೆ, ಅಷ್ಟು ಹತ್ತಿರದಿಂದ ಅದನ್ನು ಮತ್ತೆ ಯಾರೂ ನೋಡುವುದಿಲ್ಲ. ತೋಳು ಚಾಚಿ ಹಿಡಿದು ನೋಡಿ. ತಪ್ಪು ಎಲ್ಲಿದೆ ಎಂದು ನೀವೇ ಹುಡುಕಬೇಕಾಗಿ ಬಂದರೆ ಅದು ಅಲ್ಲೇ ಇರಲಿ. ಉಡುಗೊರೆ ಕೊಡುವಾಗ ಆ ಜಾಗವನ್ನು ಬೆರಳಿಟ್ಟು ತೋರಿಸುವ ಅಭ್ಯಾಸ ಒಂದಿದೆ, ದಯವಿಟ್ಟು ಬಿಡಿ. ಪಡೆದವರು ಮುಂದೆ ನೋಡುವುದು ಅದೊಂದನ್ನೇ.

ಬಿಚ್ಚಲೇಬೇಕಾದಾಗ

ಸರಿಯಾದ ಸಾಲಿಗೆ ಕಟ್ಟಿದ ಬಣ್ಣದ ದಾರ ಇದೆಯಲ್ಲ, ಅದರ ಮೇಲೆ ಒಂದೇ ಸಾಲು ಉಳಿಯುವವರೆಗೆ ಎಳೆದು, ಆ ಸಾಲನ್ನು ಒಂದೊಂದೇ ಸ್ಟಿಚ್ ಬಿಚ್ಚಿ. ರೋಮ ಹೆಚ್ಚಿರುವ ಮೊಹೇರ್‌ನಂಥ ನೂಲು ಒಂದಕ್ಕೊಂದು ತೊಡರಿಕೊಳ್ಳುತ್ತದೆ. ಅಲ್ಲಿ ಎಳೆತಕ್ಕಿಂತ ಸಣ್ಣ ಕತ್ತರಿ ವಾಸಿ, ರೋಮವನ್ನಷ್ಟೇ ಕತ್ತರಿಸಿ. ಬಿಚ್ಚಿದ ಉಣ್ಣೆ ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಹಾಗೇ ಮತ್ತೆ ಹೆಣೆದರೆ ಸ್ಟಿಚ್ ಏರುಪೇರಾಗಿ, ಇಲ್ಲದ ಹೊಸ ದೋಷವನ್ನು ಹುಡುಕುತ್ತಾ ಕೂರುತ್ತೀರಿ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ನೇತುಹಾಕಿ. ಒಣಗಿದಾಗ ನೂಲು ನೆಟ್ಟಗಾಗಿರುತ್ತದೆ.

ಹಿಂದಕ್ಕೆ ಬಾರದ ತಪ್ಪುಗಳು ಎರಡಿವೆ, ಎರಡೂ ಹೆಣೆದು ಮುಗಿದ ಮೇಲೆ ಆಗುವಂಥವು. ಸಂಸ್ಕರಿಸದ ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಕೂಡಿಕೊಂಡು ಕಂಬಳಿಯಂತೆ ಗಟ್ಟಿಯಾಗಿ ಕುಗ್ಗುತ್ತವೆ. ಆಕ್ರಿಲಿಕ್ ಮೇಲೆ ಇಸ್ತ್ರಿ ಒತ್ತಿದರೆ ನಾರು ಮೆತ್ತಗಾಗಿ ಪುಟಿಯುವ ಗುಣವನ್ನೇ ಕಳೆದುಕೊಂಡು ಜೋಲುತ್ತದೆ.

ಈ ಎರಡಕ್ಕೂ, ಮೇಲೆ ಹೇಳಿದ ಎಲ್ಲದಕ್ಕೂ, ಕೆಟ್ಟ ತುಂಡುಗಳೇ ಒಳ್ಳೆಯ ಪ್ರಯೋಗಶಾಲೆ. ಬಿಚ್ಚುವುದೂ ಬೇಡ, ಬಳಸುವುದಕ್ಕೂ ಬಾರದು ಎಂಬ ತುಂಡನ್ನು ಎಸೆಯದೆ ಒಂದು ಚೀಟಿ ಕಟ್ಟಿ ಇಡಿ. ಚೀಟಿಯಲ್ಲಿ ನೂಲಿನ ಹೆಸರು, ಕಡ್ಡಿಯ ಮಿಲಿಮೀಟರ್, 10 ಸೆಂಟಿಮೀಟರಿಗೆ ಎಷ್ಟು ಸ್ಟಿಚ್, ಏನು ಕೆಟ್ಟಿತು, ಯಾಕೆ ಕೆಟ್ಟಿತು, ಇಷ್ಟು ಸಾಕು. ಮುಂದೆ ಅದೇ ನೂಲಿನಲ್ಲಿ ದೊಡ್ಡದೇನಾದರೂ ಹೆಣೆದಾಗ ಮೊದಲು ಈ ತುಂಡನ್ನು ತೊಳೆಯಿರಿ, ಇದರ ಮೇಲೆ ಆವಿ ಹಿಡಿದು ನೋಡಿ, ಬಣ್ಣ ಬಿಡುತ್ತದೆಯೇ ಎಂದು ಬಿಳಿ ಬಟ್ಟೆಯಲ್ಲಿ ಸುತ್ತಿಡಿ. ಒಣಗಿದ ಮೇಲೆ ಮತ್ತೆ ಅಳೆದು ಹೊಸ ಅಂಕಿಯನ್ನು ಅದೇ ಚೀಟಿಯಲ್ಲಿ ಹಳೆಯದರ ಕೆಳಗೆ ಬರೆಯಿರಿ.